ಗುಬ್ಬಿ ಬರುವ ಗಾಡಿ ಬೆಚ್ಚಗಿರಬೇಕು

ಹೊಲಿಗೆ ಕೋಣೆಯಿಂದ,
ಗುರುವಾರ ಸಂಜೆ

ಪ್ರೀತಿಯ ಮಗನೇ,

ಮೊದಲು ನಿನ್ನ ಆರೋಗ್ಯ ಹೇಗಿದೆ ಹೇಳು. ಕೆಮ್ಮು ಹೋಯಿತೋ ಇಲ್ಲವೋ? ಭಾನುವಾರ ಹಡಗಿನಿಂದ ಫೋನು ಮಾಡಿದಾಗ ನೀನು ‘ಏನೂ ಇಲ್ಲಮ್ಮ’ ಅಂದದ್ದು ಅರ್ಧ ಕೇಳಿಸಿತು, ಅದರ ಹಿಂದೆಯೇ ಬಂದ ಕೆಮ್ಮು ಮಾತ್ರ ಪೂರ್ತಿ ಕೇಳಿಸಿತು. ಇಂಜಿನ್ ಕೋಣೆಯ ಕಾವಿನಲ್ಲಿ ಬೆವರು ಸುರಿಸಿಕೊಂಡು ಬಂದವನು ಹಾಗೇ ಡೆಕ್ಕಿನ ಗಾಳಿಗೆ ಎದೆ ಕೊಟ್ಟು ನಿಲ್ಲುತ್ತೀಯ, ನನಗೆ ಗೊತ್ತಿಲ್ಲವೇ? ನಾನು ಕೊಟ್ಟು ಕಳಿಸಿದ ಉಣ್ಣೆ ಬನಿಯನ್ನು ಪೆಟ್ಟಿಗೆಯ ತಳದಲ್ಲೇ ಬಿದ್ದಿದ್ದರೆ ಈಗಲೇ ಎದ್ದು ಹಾಕಿಕೊ, ಆಮೇಲೆ ಮುಂದಕ್ಕೆ ಓದು. ಇಲ್ಲಿ ನಾವು ಚೆನ್ನಾಗಿದ್ದೇವೆ. ಚಳಿಗೆ ನಿಮ್ಮಪ್ಪನ ಮೊಣಕಾಲು ಗೊಣಗುತ್ತದೆ, ಅದರ ಜೊತೆ ಅವರೂ ಗೊಣಗುತ್ತಾರೆ. ನಿನ್ನವಳು ಆಸ್ಪತ್ರೆಯಲ್ಲಿ ಮಗುವಿನ ಜೊತೆಗೇ ಇದ್ದಾಳೆ, ಮುಖದಲ್ಲಿ ಕಳೆ ಬಂದಿದೆ, ಹೊಟ್ಟೆ ತುಂಬ ಉಣ್ಣುತ್ತಿದ್ದಾಳೆ. ಇನ್ನು ನಿನ್ನ ಮಗಳು, ವಾರ್ಡಿನವರೆಲ್ಲ ಗುಬ್ಬಿ ಎಂದು ಕರೆಯುವ ಆ ಚೋಟುದ್ದದ ಹೆಂಗಸು, ತಿಂಗಳಿಗೂ ಮುಂಚೆ ಅವಸರಪಟ್ಟು ಹುಟ್ಟಿದ್ದಕ್ಕೆ ಒಂದಿಷ್ಟೂ ನಾಚಿಕೆಯಿಲ್ಲದೆ ದಿನದಿಂದ ದಿನಕ್ಕೆ ತೂಕ ಏರಿಸಿಕೊಳ್ಳುತ್ತಿದ್ದಾಳೆ. ಗಾಜಿನ ಪೆಟ್ಟಿಗೆಯಿಂದ ಹೊರಗೆ ಬಂದು ಈಗ ಅಮ್ಮನ ಪಕ್ಕದಲ್ಲೇ ಮಲಗುತ್ತಾಳೆ. ಹೆಸರಿಡುವುದೇನಿದ್ದರೂ ನೀನು ಬಂದ ಮೇಲೆಯೇ ಎಂದು ನಿನ್ನವಳ ಹಟ, ಹಾಗಾಗಿ ಸದ್ಯಕ್ಕೆ ಗುಬ್ಬಿಯೇ.

ಕೇಳಬೇಕಾದ್ದೆಲ್ಲ ಕೇಳಿಯಾಯಿತು. ಇನ್ನು ತಡೆದುಕೊಳ್ಳುವುದು ನನ್ನ ಕೈಲಾಗದು. ಗಾಡಿಯ ಹೀಟರ್ ಫ್ಯಾನ್ ಓಡಿತು ಕಣೋ. ಓಡಿಸಿದವಳು ನಾನು. ಗ್ಯಾರೇಜಿನವನಲ್ಲ, ನಿಮ್ಮಪ್ಪನಂತೂ ಅಲ್ಲವೇ ಅಲ್ಲ, ನಾನು. ನೀನು ಅಷ್ಟು ದೊಡ್ಡ ಹಡಗಿನ ಕರೆಂಟಿನ ಕೆಲಸವನ್ನೆಲ್ಲ ನೋಡಿಕೊಳ್ಳುವವನು, ಇದನ್ನು ಓದಿ ನಗಬಹುದು. ನಗು, ಆದರೆ ಪೂರ್ತಿ ಓದಿ ನಗು. ಶನಿವಾರ ನಿಮ್ಮ ಹಡಗಿಗೆ ಸಾಮಾನು ತರುವ ದೋಣಿ ಹೊರಡುತ್ತದಂತೆ, ಅದರ ಚೀಲಕ್ಕೆ ಈ ಕಾಗದ ಹಾಕುತ್ತೇನೆ. ಭಾನುವಾರದ ನಿನ್ನ ಐದು ನಿಮಿಷದ ಫೋನಿನಲ್ಲಿ ಇದನ್ನೆಲ್ಲ ಹೇಳಲಾಗುವುದಿಲ್ಲ. ಅದರಲ್ಲಿ ಎರಡು ನಿಮಿಷ ‘ಕೇಳಿಸ್ತಾ, ಕೇಳಿಸ್ತಾ’ ಎನ್ನುವುದಕ್ಕೇ ಹೋಗುತ್ತದೆ.

ನಡೆದದ್ದು ಹೀಗೆ. ನಿನ್ನೆ ಬೆಳಿಗ್ಗೆ ಡಾಕ್ಟರು ಗುಬ್ಬಿಯನ್ನು ನೋಡಿ, ಇನ್ನು ಮನೆಗೆ ಕರೆದುಕೊಂಡು ಹೋಗಬಹುದು ಎಂದರು. ನಿನ್ನವಳು ಫೋನಿನಲ್ಲಿ ನನಗೆ ಹೇಳುವಷ್ಟರಲ್ಲಿ ಬಟ್ಟೆ ಕಟ್ಟಿ ಕೂತಿದ್ದಳು. ನಾನೂ ನಿಮ್ಮಪ್ಪನೂ ಬಿದ್ದಂಬೀಳ ಗಾಡಿ ತೆಗೆದು ಹೊರಟೆವು. ಹೊರಗೆ ಎಂಥ ಚಳಿ ಎಂದರೆ ರಸ್ತೆಯ ನಲ್ಲಿಯ ಬಾಯಿಗೆ ಮಂಜು ಕಟ್ಟಿತ್ತು. ಗಾಡಿಯ ಫ್ಯಾನು ಒಂದು ವಾರದಿಂದ ಕೀರಲು ದನಿಯಲ್ಲಿ ಅಳುತ್ತಿತ್ತು, ನಾವು ತಲೆ ಕೆಡಿಸಿಕೊಂಡಿರಲಿಲ್ಲ. ನಿನ್ನೆ ಅರ್ಧ ದಾರಿಯಲ್ಲಿ ಅಳುವುದನ್ನೂ ನಿಲ್ಲಿಸಿತು. ಇಂಜಿನ್ನು ಬಿಸಿಯಾಗಿದೆ, ಮುಳ್ಳು ತೋರಿಸುತ್ತಿದೆ, ಆದರೆ ಆ ಬಿಸಿಯನ್ನು ಒಳಗೆ ತಳ್ಳುವವರಿಲ್ಲ. ನಿಮ್ಮಪ್ಪ ಗುಂಡಿಯನ್ನು ಒಂದರಿಂದ ನಾಲ್ಕರವರೆಗೆ ತಿರುಗಿಸಿದರು, ನಾಲ್ಕರಿಂದ ಒಂದಕ್ಕೆ ತಿರುಗಿಸಿದರು. ಉಸಿರಿಲ್ಲ.

ಆ ವಾರ್ಡಿನ ಹಿರಿಯ ನರ್ಸಿನ ಬಗ್ಗೆ ನಿನಗೆ ಬರೆದಿದ್ದೆನಲ್ಲ, ನಾನೂ ನಿನ್ನವಳೂ ಗುಟ್ಟಾಗಿ ಥರ್ಮಾಮೀಟರಮ್ಮ ಎಂದು ಹೆಸರಿಟ್ಟಿರುವವಳು? ಅವಳದೊಂದು ಪದ್ಧತಿ ಇದೆ. ಅವಳ ವಾರ್ಡಿನಿಂದ ಯಾವ ಮಗು ಮನೆಗೆ ಹೊರಟರೂ ಮೊದಲು ಅವಳು ಕೆಳಗಿಳಿದು ಬಂದು ಆ ಗಾಡಿಯಲ್ಲಿ ಕೂರಬೇಕು. ಬಾಗಿಲು ಹಾಕಿಕೊಂಡು, ಕೈಗವಸು ತೆಗೆದು, ಸುಮ್ಮನೆ ಕೂತು ನೋಡಬೇಕು. ತನ್ನ ಕೈ ಬೆಚ್ಚಗಾದರೆ ಮಗುವಿಗೆ ಅಪ್ಪಣೆ, ಇಲ್ಲದಿದ್ದರೆ ಇಲ್ಲ. ನಿನ್ನೆ ನಮ್ಮ ಗಾಡಿಯಲ್ಲಿ ಕೂತವಳು ಕೈಗವಸನ್ನು ತೆಗೆಯಲೂ ಇಲ್ಲ. ಬಾಯಿಂದ ಹೊಗೆಯಂತೆ ಹೊರಟ ತನ್ನ ಉಸಿರನ್ನೇ ನೋಡಿ ಬಾಗಿಲು ತೆಗೆದಳು. ‘ಇಷ್ಟು ದಿನ ಬೆಚ್ಚಗಿಟ್ಟು ಸಾಕಿದ ಮಗೂನ ಫ್ರಿಜ್ಜಲ್ಲಿಟ್ಟು ಕಳಿಸಕ್ಕಾಗಲ್ಲಮ್ಮ. ಗಾಡಿ ಸರಿ ಮಾಡ್ಕೊಂಡು ಬನ್ನಿ,’ ಎಂದಳು. ಶುಕ್ರವಾರ ಮಧ್ಯಾಹ್ನದವರೆಗೆ ತಾನೂ ಡಾಕ್ಟರೂ ಇರುತ್ತೇವೆ, ತಪ್ಪಿದರೆ ಮುಂದಿನ ವಾರದ ಮಾತು ಎಂದೂ ಹೇಳಿದಳು. ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಆದರೆ ಅವಳ ಮಾತಿನಲ್ಲಿ ತಪ್ಪು ಹುಡುಕಲು ಹೋದರೆ ಒಂದೂ ಸಿಗಲಿಲ್ಲ, ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಮೇಲೆ ಹೋಗಿ ನಿನ್ನವಳಿಗೆ ಹೇಳಿದೆವು. ಗುಬ್ಬಿಗೆ ಅಷ್ಟರಲ್ಲಿ ಟೋಪಿ ಹಾಕಿಯಾಗಿತ್ತು. ಅವಳು ಆ ಟೋಪಿಯನ್ನು ಬಿಚ್ಚಿ ಮಡಿಸಿ ಇಟ್ಟಳು. ನಿಮ್ಮಪ್ಪ ಸಮಾಧಾನಕ್ಕೆಂದು, ಬೇರೆ ಬಾಡಿಗೆ ಗಾಡಿ ತಂದರಾಯಿತು, ಇದೇನು ದೊಡ್ಡ ವಿಷಯ ಎಂದರು. ನಾನೂ ತಲೆಯಾಡಿಸಿದೆ. ಆಗ ಅವಳು ಹೇಳಿದ ಮಾತನ್ನು ನೀನು ಕೇಳಬೇಕಿತ್ತು. ‘ಬೇಡ ಮಾವ. ಅವತ್ತು ಆ ಗಾಡೀಲಿ ಖಾಲಿ ಮಡಿಲಲ್ಲಿ ಬಂದೆ. ಇವಳನ್ನ ಅದೇ ಗಾಡೀಲಿ ಕರ್ಕೊಂಡು ಹೋಗ್ಬೇಕು ನಾನು.’ ಎರಡು ವರ್ಷದ ಹಿಂದೆ ಮೊದಲನೆಯದು ಐದನೇ ತಿಂಗಳಲ್ಲಿ ಹೋದಾಗ ನೀನು ಇದೇ ಹಡಗಿನಲ್ಲಿದ್ದೆ. ಅದೇ ಆಸ್ಪತ್ರೆಯಿಂದ ಅವಳನ್ನು ಮನೆಗೆ ಕರೆತಂದವಳು ನಾನು. ಆ ದಿನದ ಬಗ್ಗೆ ಅವಳು ಬಾಯಿ ಬಿಟ್ಟು ಆಡಿದ ಮೊದಲ ಮಾತು ಇದು. ನಿಮ್ಮಪ್ಪ ಕಿಟಕಿಯ ಕಡೆ ತಿರುಗಿಕೊಂಡರು. ನಾನು ಎದೆ ತಟ್ಟಿಕೊಂಡು, ಶುಕ್ರವಾರ ಗಾಡಿ ಬೆಚ್ಚಗೆ ಬರುತ್ತದೆ, ನನ್ನ ಮೇಲೆ ಬಿಡು ಎಂದುಬಿಟ್ಟೆ. ಮೆಟ್ಟಿಲಿಳಿಯುವಾಗ ನಿಮ್ಮಪ್ಪ ಕೇಳಿದರು, ಹೇಗೆ ಎಂದು. ಅದೊಂದು ನನಗೂ ಗೊತ್ತಿರಲಿಲ್ಲ.

ನೇರವಾಗಿ ಗ್ಯಾರೇಜಿಗೆ ಹೋದೆವು. ಗ್ಯಾರೇಜಿನವನು ನಮ್ಮ ಹಳೆಯ ನಾಳೆಯಪ್ಪನೇ, ಯಾವುದಕ್ಕೂ ನಾಳೆ ಬನ್ನಿ ಎನ್ನುವ ಮನುಷ್ಯ. ನಿನ್ನೆ ಮಾತ್ರ ನಾಳೆ ಎನ್ನಲಿಲ್ಲ, ಮುಂದಿನ ಬುಧವಾರ ಎಂದ. ಅವನ ಅಂಗಳದಲ್ಲಿ ಚಳಿಗೆ ಕೈಕೊಟ್ಟ ಗಾಡಿಗಳು ಬಾಲಕ್ಕೆ ಬಾಲ ಹಚ್ಚಿಕೊಂಡು ನಿಂತಿದ್ದವು. ಪಾಪ, ಒಂದು ಗಾಡಿಯ ಅಡಿಯಿಂದ ತಲೆ ಹೊರಗೆ ಹಾಕಿಯೇ ನಮ್ಮ ಕಥೆ ಕೇಳಿದ. ಎದ್ದು ಬಂದು ಫ್ಯೂಸಿನ ಡಬ್ಬಿ ತೆರೆದು ತೋರಿಸಿದ, ಫ್ಯಾನಿನ ಫ್ಯೂಸು ಸುಟ್ಟಿತ್ತು. ಅದೇ ಡಬ್ಬಿಯ ಮುಚ್ಚಳದಲ್ಲಿ ನೀನು ಸಿಕ್ಕಿಸಿಟ್ಟು ಹೋದ ಹೊಸ ಫ್ಯೂಸುಗಳಲ್ಲಿ ಒಂದನ್ನು ಹಾಕಿ ಗುಂಡಿ ತಿರುಗಿಸಿದ. ಒಳಗೆಲ್ಲೋ ಹೂಂ ಎಂದು ಒಂದು ಸದ್ದು, ಮರುಕ್ಷಣ ಆ ಫ್ಯೂಸೂ ಹೋಯಿತು. ಮೋಟರ್ ಹೋಗಿರಬೇಕು, ಹೊಸದನ್ನು ತರಿಸಲು ಒಂದು ವಾರ ಬೇಕು, ತರಿಸಿದರೂ ಈ ಸಾಲು ಮುಗಿಯದೆ ಹಾಕಲಾರೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಹೊರಡುವಾಗ ಒಂದು ಮಾತು ಒತ್ತಿ ಹೇಳಿದ: ‘ಫ್ಯೂಸ್ ನಿಲ್ತಿಲ್ಲ ಅಂತ ದೊಡ್ಡ ಫ್ಯೂಸ್ ಮಾತ್ರ ಹಾಕ್ಬೇಡಿ ಅಮ್ಮ, ತಂತಿ ಹೊತ್ಕೊಳತ್ತೆ.’ ನಿಮ್ಮಪ್ಪ ಆಗಲೇ ಫ್ಯೂಸಿನ ಜಾಗಕ್ಕೆ ತೂರಿಸಲೆಂದು ಕಿಸೆಯಿಂದ ಸಿಗರೇಟಿನ ಬೆಳ್ಳಿ ಕಾಗದ ತೆಗೆದು ಸುರುಳಿ ಸುತ್ತುತ್ತಿದ್ದರು, ಮೆಲ್ಲಗೆ ವಾಪಸು ಇಟ್ಟುಕೊಂಡರು. ಸಿಗರೇಟು ಬಿಟ್ಟಿದ್ದೇನೆ ಎಂದು ನನಗೆ ಹೇಳಿದ್ದ ಮನುಷ್ಯ. ಆ ವಿಚಾರಣೆ ಬೇರೆ ಇದೆ.

ಮನೆಗೆ ಬಂದ ಮೇಲೆ ನಿಮ್ಮಪ್ಪ ಬಿಸಿನೀರಿನ ಚೀಲ, ಕಂಬಳಿ, ಇಸ್ತ್ರಿ ಪೆಟ್ಟಿಗೆ ಎಂದು ಒಂದೊಂದೇ ಉಪಾಯ ಹೇಳುತ್ತಿದ್ದರು. ಇಸ್ತ್ರಿ ಪೆಟ್ಟಿಗೆ ಯಾಕೆ ಎಂದು ನಾನು ಕೇಳಲಿಲ್ಲ. ನನ್ನ ಮನಸ್ಸು ಆ ಹೂಂ ಎಂಬ ಸದ್ದಿನ ಮೇಲೆಯೇ ಇತ್ತು. ಮಗನೇ, ಆ ಸದ್ದು ನನಗೆ ಗೊತ್ತು. ಮೂವತ್ತು ವರ್ಷದಿಂದ ಗೊತ್ತು. ನನ್ನ ಹೊಲಿಗೆ ಮಿಷನ್ನಿನ ಚಕ್ರದ ಹಿಂದೆ ದಾರ ಸಿಕ್ಕಿಕೊಂಡಾಗ ಪೆಡಲ್ ಒತ್ತಿದರೆ ಅದೂ ಹೀಗೇ ಹೂಂ ಎನ್ನುತ್ತದೆ. ಮೋಟರ್ ಸತ್ತಿದ್ದರೆ ಸದ್ದೇ ಬರುವುದಿಲ್ಲ. ಸದ್ದು ಬಂದು ಚಕ್ರ ತಿರುಗದಿದ್ದರೆ ಮೋಟರಿಗೆ ಜೀವವಿದೆ, ಯಾರೋ ಅದರ ಕೈ ಹಿಡಿದುಕೊಂಡಿದ್ದಾರೆ ಎಂದು ಅರ್ಥ. ಇವತ್ತು ಬೆಳಿಗ್ಗೆ ಕಾಫಿ ಕುಡಿಯುತ್ತಾ ಇದನ್ನು ನಿಮ್ಮಪ್ಪನಿಗೆ ಹೇಳಿದೆ. ಕಾರೂ ಹೊಲಿಗೆ ಮಿಷನ್ನೂ ಒಂದೇನಾ ಎಂದರು. ನಿಮ್ಮ ಮಗ ಮಿಷನ್ ರಿಪೇರಿ ಕಲಿತೇ ಹಡಗಿಗೆ ಹೋದದ್ದು ಎಂದೆ. ಎದ್ದು ಟಾರ್ಚ್ ಹುಡುಕಲು ಹೋದರು.

ನೀನು ಹೈಸ್ಕೂಲಿನಲ್ಲಿದ್ದಾಗ ನನ್ನ ಮಿಷನ್ ಕೆಟ್ಟರೆ ಟೆಸ್ಟ್ ಲ್ಯಾಂಪ್ ಹಿಡಿದು ನೆಲದ ಮೇಲೆ ಅಂಗಾತ ಮಲಗುತ್ತಿದ್ದೆ, ನೆನಪಿದೆಯಾ? ನಾನು ಅವಸರ ಮಾಡಿದರೆ ನೀನು ದೊಡ್ಡ ಮನುಷ್ಯನ ಹಾಗೆ ಹೇಳುತ್ತಿದ್ದೆ: ‘ಊಹೆ ಮಾಡ್ಬಾರದಮ್ಮ, ಕರೆಂಟ್ ಬರೋ ದಾರೀಲೇ ನಡ್ಕೊಂಡು ಹೋಗ್ಬೇಕು. ದೀಪ ಉರಿದ್ರೆ ಇಲ್ಲೀವರೆಗೆ ಸರಿ ಇದೆ, ತಪ್ಪು ಮುಂದಿದೆ. ಉರೀದಿದ್ರೆ ತಪ್ಪು ಹಿಂದಿದೆ.’ ಆ ಟೆಸ್ಟ್ ಲ್ಯಾಂಪೂ, ಗಾಡಿಗೆಂದು ನೀನು ಮಾಡಿಟ್ಟ ಸಣ್ಣ ಬಲ್ಬಿನದೂ ಇನ್ನೂ ನನ್ನ ಕತ್ತರಿಗಳ ಡ್ರಾಯರಿನಲ್ಲೇ ಇವೆ. ಸಣ್ಣದನ್ನು ತೆಗೆದುಕೊಂಡೆ, ಸೊಂಟಕ್ಕೆ ಸೆರಗು ಸಿಕ್ಕಿಸಿದೆ, ಗಾಡಿಯನ್ನು ಶೆಡ್ಡಿನಿಂದ ಅಂಗಳದ ಬಿಸಿಲಿಗೆ ತಂದೆ. ಉಳಿದಿದ್ದದ್ದು ಒಂದೇ ಫ್ಯೂಸು. ಅದೂ ಹೋದರೆ ಅಂಗಡಿಗೆ ಹೋಗಿ ಬರಲು ಅರ್ಧ ದಿನ ಬೇಕು, ಆ ಅರ್ಧ ದಿನ ನನ್ನ ಹತ್ತಿರ ಇರಲಿಲ್ಲ. ಹಾಗಾಗಿ ಮೊದಲು ಫ್ಯಾನಿನ ಮೋಟರಿಗೆ ಹೋಗುವ ಪ್ಲಗ್ಗನ್ನೇ ಕಿತ್ತುಬಿಟ್ಟು, ಆಮೇಲೆ ಫ್ಯೂಸು ಹಾಕಿ ನೋಡೋಣ ಎಂದುಕೊಂಡೆ. ದಾರಿ ಸರಿಯಿದ್ದರೆ ಫ್ಯೂಸು ನಿಲ್ಲಬೇಕು, ದೀಪ ಉರಿಯಬೇಕು.

ಆ ಪ್ಲಗ್ಗು ಇರುವುದಾದರೂ ಎಲ್ಲಿ? ಮುಂದಿನ ಸೀಟಿನವರ ಮೊಣಕಾಲಿನ ಎದುರು ಕಾಗದಪತ್ರ ಇಡುವ ಖಾನೆ ಇದೆಯಲ್ಲ, ಅದರ ಅಡಿಯಲ್ಲಿ, ಕತ್ತಲೆಯಲ್ಲಿ. ಖಾನೆಯನ್ನು ಬಿಚ್ಚಿ ಪಕ್ಕಕ್ಕಿಟ್ಟೆ. ತಲೆಯನ್ನು ಕಾಲಿಡುವ ಜಾಗಕ್ಕೆ ತೂರಿಸಿ, ಕಾಲನ್ನು ಬಾಗಿಲಿನಿಂದ ಹೊರಗೆ ಚಾಚಿ ಮಲಗಿದೆ. ಬೀದಿಯಲ್ಲಿ ಹೋಗುವವರಿಗೆ ನನ್ನ ಎರಡು ಪಾದ ಮಾತ್ರ ಕಾಣುತ್ತಿದ್ದವಂತೆ. ಎದುರುಮನೆಯವಳು ಓಡಿ ಬಂದು ಅಮ್ಮನಿಗೆ ಏನಾಯಿತು ಎಂದು ನಿಮ್ಮಪ್ಪನನ್ನು ಕೇಳಿದಳು. ನಿಮ್ಮಪ್ಪನಿಗೆ ಟಾರ್ಚ್ ಹಿಡಿಯುವ ಕೆಲಸ ಕೊಟ್ಟಿದ್ದೆ. ಅವರು ಹಿಡಿದರು, ಒಮ್ಮೆ ನನ್ನ ಕಣ್ಣಿಗೆ, ಒಮ್ಮೆ ತಮ್ಮ ಚಪ್ಪಲಿಗೆ, ಎದುರುಮನೆಯವಳು ಬಂದ ಮೇಲೆ ಅವಳ ಮುಖಕ್ಕೆ. ಆದರೂ ಪ್ಲಗ್ಗು ಸಿಕ್ಕಿತು. ಕಿತ್ತೆ. ಫ್ಯೂಸು ಹಾಕಿಸಿದೆ. ಪ್ಲಗ್ಗಿನ ಎರಡು ತೂತಿಗೆ ದೀಪದ ಎರಡು ಕೊನೆ ಇಟ್ಟು, ಗುಂಡಿ ತಿರುಗಿಸಿ ಎಂದೆ. ಒಂದಕ್ಕೆ ದೀಪ ಮಂಕಾಗಿ ಹೊತ್ತಿತು. ಎರಡಕ್ಕೆ ಸ್ವಲ್ಪ ಜಾಸ್ತಿ. ನಾಲ್ಕಕ್ಕೆ ಝಗ್ಗೆಂದಿತು. ಫ್ಯೂಸು ಅಲ್ಲಾಡಲಿಲ್ಲ. ತಂತಿ ಸರಿ, ಗುಂಡಿ ಸರಿ, ದಾರಿಯೆಲ್ಲ ಸರಿ. ತಪ್ಪು ಮುಂದಿದೆ. ನಾನು ಅಲ್ಲೇ ಕೆಳಗೆ ಮಲಗಿಕೊಂಡೇ ನಕ್ಕುಬಿಟ್ಟೆ. ಬಗ್ಗಿ ನೋಡಿದ ನಿಮ್ಮಪ್ಪನಿಗೆ ಮತ್ತೆ ಗಾಬರಿ.

ಮೂರು ಸ್ಕ್ರೂ ಬಿಚ್ಚಿದರೆ ಮೋಟರು ತನ್ನ ಫ್ಯಾನಿನ ಸಮೇತ ಕೆಳಗೆ ಬರುತ್ತದೆ. ಎರಡು ಸುಲಭ, ಮೂರನೆಯದನ್ನು ಮಾಡಿದವನ ಕೈ ಎಷ್ಟು ಸಣ್ಣದಿತ್ತೋ ತಿಳಿಯದು. ನನ್ನ ಮಿಷನ್ನಿನ ಗಿಡ್ಡ ಸ್ಕ್ರೂಡ್ರೈವರ್ ಇಲ್ಲದಿದ್ದರೆ ಆಗುತ್ತಲೇ ಇರಲಿಲ್ಲ. ಕೊನೆಗೆ ದೊಪ್ಪೆಂದು ಎದೆಯ ಮೇಲೆ ಬಿತ್ತು. ಎದ್ದು ಕೂತು ಬಿಸಿಲಿಗೆ ಹಿಡಿದು ನೋಡಿದರೆ, ಮಗನೇ, ಏನೆಂದು ಹೇಳಲಿ. ಡಬ್ಬಿಯಂಥ ಫ್ಯಾನು, ಸುತ್ತಲೂ ಸಣ್ಣ ಸಣ್ಣ ರೆಕ್ಕೆ, ಅದರ ಬುಡದಲ್ಲಿ ಬೆರಳು ದಪ್ಪ ದಾರ. ಸುತ್ತಿ ಸುತ್ತಿ, ಬಿಗಿದು ಬಿಗಿದು, ಬಾಬಿನ್ನಿಗೆ ಸುತ್ತಿದ ಹಾಗೆ ಗಟ್ಟಿಯಾಗಿ ಕೂತಿತ್ತು. ಕೈಯಿಂದ ತಿರುಗಿಸಿದರೆ ಕೂದಲೆಳೆಯಷ್ಟೂ ತಿರುಗಲಿಲ್ಲ. ನನ್ನದೇ ದಾರ. ಹೊಲಿದ ಬಟ್ಟೆಯ ಗಂಟುಗಳನ್ನು ಹಿಂದಿನ ಸೀಟಿಗೆ ಹಾಕಮ್ಮ ಎಂದು ನೀನು ಸಾರಿ ಸಾರಿ ಹೇಳಿದರೂ ನಾನು ಮುಂದೆಯೇ, ಕಾಲಿಡುವ ಜಾಗದಲ್ಲಿಯೇ ಇಡುವವಳು, ಕಣ್ಣೆದುರಿಗೆ ಇರಲಿ ಎಂದು. ಹೊರಗಿನ ದೂಳು ಬೇಡವೆಂದು ಒಳಗಿನ ಗಾಳಿಯೇ ಸುತ್ತುವ ಹಾಗೆ ಗುಂಡಿ ಒತ್ತಿಡುವವಳೂ ನಾನೇ. ಫ್ಯಾನು ಗಾಳಿ ಎಳೆಯುವುದು ಆ ಗಂಟುಗಳ ಪಕ್ಕದಿಂದಲೇ. ಉದುರಿದ ಎಳೆಯೆಲ್ಲ ಗಾಳಿಯ ಜೊತೆ ಒಳಗೆ ಹೋಗಿ ಮನೆ ಮಾಡಿಕೊಂಡಿದೆ.

ಆದರೆ ತಾಳು, ನಗುವ ಮುಂಚೆ ಇದನ್ನು ಓದು. ಗಾಳಿ ಒಳಗೆ ಹೋಗುವ ಬಾಯಿಗೆ ಫಿಲ್ಟರ್ ಎಂದು ಒಂದು ಇರುತ್ತದಂತೆ, ಕಸ ಹಿಡಿಯಲು. ನಾಳೆಯಪ್ಪನಿಗೆ ಫೋನು ಮಾಡಿ ದಾರದ ವಿಷಯ ಹೇಳಿದಾಗ ಅವನು ಮೊದಲು ಕೇಳಿದ್ದೇ ಅದನ್ನು. ಬಗ್ಗಿ ನೋಡಿದರೆ ಅದರ ಜಾಗ ಖಾಲಿ. ನಿಮ್ಮಪ್ಪನಿಗೆ ಆಗ ಜ್ಞಾಪಕ ಬಂತು. ಎಷ್ಟೋ ಕಾಲದ ಹಿಂದೆ ನೀನು ಅದು ಕೊಳಕಾಗಿದೆ ಎಂದು ತೆಗೆದು ಬಿಸಾಡಿ, ಹೊಸದು ಹಾಕುತ್ತೇನೆ ಎಂದಿದ್ದೆಯಂತೆ. ಯಾವಾಗ ಹಾಕುತ್ತೀಯ ಎಂದರೆ ನಾಳೆ ಅಂದೆಯಂತೆ. ಹಾಗಾಗಿ ನಮ್ಮ ಮನೆಯಲ್ಲೂ ಒಬ್ಬ ನಾಳೆಯಪ್ಪ ಇದ್ದಾನೆ. ದಾರ ನನ್ನದು, ಬಾಗಿಲು ತೆರೆದಿಟ್ಟವನು ನೀನು. ಇಬ್ಬರೂ ಸೇರಿ ಆ ಫ್ಯಾನಿನ ಕತ್ತು ಹಿಸುಕಿದ್ದೇವೆ. ಲೆಕ್ಕ ಸರಿಯಾಯಿತು, ಇನ್ನು ನಗು.

ಹೊಲಿಗೆ ಬಿಚ್ಚುವ ಕೊಕ್ಕೆ ತಂದು ಮೆಟ್ಟಿಲ ಮೇಲೆ ಕೂತು ಒಂದೊಂದೇ ಸುತ್ತು ಕೊಯ್ದು ತೆಗೆದೆ. ಮೇಲಿನದು ಕಡುನೀಲಿ, ಈ ವರ್ಷದ ಸ್ಕೂಲ್ ಯೂನಿಫಾರ್ಮಿನದು. ಅದರ ಕೆಳಗೆ ಕಪ್ಪು, ಆ ವಕೀಲರ ಕೋಟಿನದು, ಮೂರು ಸಲ ಹೊಟ್ಟೆಯ ಹತ್ತಿರ ಬಿಚ್ಚಿ ಹೊಲಿದದ್ದು. ಅದರ ಕೆಳಗೆ ಆಸ್ಪತ್ರೆಯ ಪರದೆಗಳ ಹಸಿರು. ಒಂದೊಂದು ಬಣ್ಣ ಬಂದಾಗಲೂ ನಾನು ಜೋರಾಗಿ ಯಾರದೆಂದು ಹೇಳುವುದು, ನಿಮ್ಮಪ್ಪ ಹೌದಲ್ಲವೇ ಎನ್ನುವುದು. ಇಬ್ಬರಿಗೂ ಹುಚ್ಚು ಹಿಡಿದಂತೆ ಖುಷಿ. ಎಲ್ಲಕ್ಕಿಂತ ಕೆಳಗೆ, ಮೋಟರಿನ ಕಂಬಿಗೆ ಅಂಟಿಕೊಂಡು, ಹಳದಿ ಉಣ್ಣೆ ಬಂತು.

ನಾನು ಹಳದಿ ಉಣ್ಣೆಯ ಕೆಲಸ ಮಾಡುವುದಿಲ್ಲ. ಯಾರದು ಎಂದು ನಿಮ್ಮಪ್ಪ ಕೇಳಿದರು. ನನಗೆ ತಕ್ಷಣ ಗೊತ್ತಾಯಿತು, ಅವರಿಗೆ ಹೇಳಿದ್ದು ಆಮೇಲೆ. ನಿನಗೂ ಇದುವರೆಗೆ ಹೇಳಿಲ್ಲ. ಎರಡು ವರ್ಷದ ಹಿಂದೆ ಅವಳನ್ನು ಆಸ್ಪತ್ರೆಯಿಂದ ಕರೆತಂದೆನಲ್ಲ, ಅವತ್ತು ಅವಳು ನನ್ನ ಪಕ್ಕದಲ್ಲಿ ಮುಂದಿನ ಸೀಟಿನಲ್ಲಿ ಕೂತಿದ್ದಳು. ಚೀಲದಲ್ಲಿ ಅವಳೇ ಹೆಣೆಯುತ್ತಿದ್ದ ಒಂದು ಪುಟ್ಟ ಟೋಪಿ ಇತ್ತು, ಹಳದಿಯದು, ಅರ್ಧ ಆಗಿತ್ತು. ಗಾಡಿ ಹೊರಟ ಮೇಲೆ ಅದನ್ನು ಹೊರಗೆ ತೆಗೆದು ಎಳೆ ಹಿಡಿದು ಬಿಚ್ಚಲು ಶುರು ಮಾಡಿದಳು. ಅಳಲಿಲ್ಲ. ದಾರಿಯುದ್ದಕ್ಕೂ ಬಿಚ್ಚುತ್ತಲೇ ಇದ್ದಳು, ಎಳೆ ಅವಳ ಕಾಲಿನ ಮೇಲೆ ಬೀಳುತ್ತಲೇ ಇತ್ತು. ನಾನು ರಸ್ತೆ ನೋಡುತ್ತಾ ಗಾಡಿ ಓಡಿಸಿದೆ. ಮನೆಗೆ ಬರುವಷ್ಟರಲ್ಲಿ ಟೋಪಿ ಇರಲಿಲ್ಲ. ಮಾರನೇ ದಿನ ಗಾಡಿ ಗುಡಿಸಿ ಕಾಲ ಬಳಿ ಬಿದ್ದಿದ್ದನ್ನೆಲ್ಲ ಎತ್ತಿ ಹಾಕಿದೆ, ಎಲ್ಲ ಹೋಯಿತು ಎಂದುಕೊಂಡಿದ್ದೆ. ಹೋಗಿರಲಿಲ್ಲ. ಎರಡು ವರ್ಷ ನಮ್ಮ ಜೊತೆಗೇ ಸುತ್ತುತ್ತಿತ್ತು. ಅದರ ಮೇಲೆ ನಾನು ಯೂನಿಫಾರ್ಮು ಸುತ್ತಿದೆ, ಕೋಟು ಸುತ್ತಿದೆ, ಪರದೆ ಸುತ್ತಿದೆ. ಮೆಟ್ಟಿಲ ಮೇಲೆ ಕೂತು ಸ್ವಲ್ಪ ಹೊತ್ತು ಅತ್ತೆ ಕಣೋ. ನಿಮ್ಮಪ್ಪ ಟಾರ್ಚ್ ಆರಿಸಿ ಪಕ್ಕದಲ್ಲಿ ಕೂತರು. ಹಗಲು ಹೊತ್ತಿನಲ್ಲಿ ಅದನ್ನು ಅಷ್ಟು ಹೊತ್ತೂ ಉರಿಸಿಕೊಂಡಿದ್ದರು.

ಆ ಎಳೆಯನ್ನು ಕೊಯ್ಯಲು ಮನಸ್ಸು ಬರಲಿಲ್ಲ. ಕೊನೆ ಹುಡುಕಿ ನಿಧಾನವಾಗಿ ಬಿಚ್ಚಿ ಸುರುಳಿ ಮಾಡಿದೆ, ಅಂಗೈಯಲ್ಲಿ ಹಿಡಿಯುವಷ್ಟಾಯಿತು. ಬಣ್ಣ ಮಾಸಿದೆ, ಆದರೆ ಹಳದಿ ಎಂದು ಗೊತ್ತಾಗುತ್ತದೆ. ಬಿಸಿನೀರಿನಲ್ಲಿ ಸೋಪು ಹಾಕಿ ತೊಳೆದು ಒಲೆಯ ಹತ್ತಿರ ಒಣಗಲು ಹಾಕಿದೆ. ಆಮೇಲೆ ಫ್ಯಾನನ್ನು ಬೆರಳಿನಿಂದ ಮುಟ್ಟಿದರೆ ಬುಗುರಿಯಂತೆ ತಿರುಗಿತು. ಕಂಬಿಯ ಬುಡಕ್ಕೆ ಮಿಷನ್ ಎಣ್ಣೆ ಒಂದೇ ಹನಿ ಬಿಟ್ಟೆ. ಪೂರ್ತಿ ಜೋಡಿಸುವ ಮೊದಲು ಕೈಯಲ್ಲೇ ಹಿಡಿದು ನೋಡೋಣವೆಂದು ಪ್ಲಗ್ಗು ಸಿಕ್ಕಿಸಿ, ಗುಂಡಿ ತಿರುಗಿಸಿ ಎಂದೆ. ನಿಮ್ಮಪ್ಪ ಮೆಲ್ಲಗೆ ಒಂದಕ್ಕೆ ಇಡುವುದು ಬಿಟ್ಟು ನೇರವಾಗಿ ನಾಲ್ಕಕ್ಕೆ ಇಟ್ಟರು. ಮೊದಲು ಹೂಂ, ಆಮೇಲೆ ಭರ್ರೆಂದು ಎರಡು ವರ್ಷದ ದೂಳು ಅವರ ಮುಖಕ್ಕೇ ಹೊಡೆಯಿತು. ಹುಬ್ಬು ಮೀಸೆ ಎಲ್ಲ ಬೂದಿ ಬಣ್ಣ. ಆ ಮುಖದಲ್ಲೇ ಅವರು ‘ಓಡ್ತು ಕಣೆ, ಓಡ್ತು’ ಎನ್ನುತ್ತಾ ಅಂಗಳವೆಲ್ಲ ಸುತ್ತಿದರು, ಮೊಣಕಾಲು ನೋವು ಎಲ್ಲಿ ಹೋಗಿತ್ತೋ. ಫ್ಯೂಸು ನೋಡಿದೆ, ಗಟ್ಟಿಯಾಗಿ ನಿಂತಿತ್ತು.

ಎಲ್ಲ ಜೋಡಿಸಿದ ಮೇಲೆ ಒಂದು ಸ್ಕ್ರೂ ಉಳಿಯಿತು. ಉಳಿದದ್ದು ಎಲ್ಲಿಯದು ಎಂದು ಹುಡುಕಿ ಹುಡುಕಿ ಸುಸ್ತಾಗಿ, ಕೊನೆಗೆ ನೋಡಿದರೆ ಅದು ನನ್ನ ಮಿಷನ್ನಿನದು, ಸ್ಕ್ರೂಡ್ರೈವರಿನ ಡಬ್ಬಿಯಿಂದ ಬಿದ್ದದ್ದು. ಆಮೇಲೆ ಗಾಡಿಯನ್ನು ಅಂಗಳದಲ್ಲೇ ಓಡುತ್ತಾ ಬಿಟ್ಟು ಇಬ್ಬರೂ ಒಳಗೆ ಕೂತೆವು. ನಾನು ಥರ್ಮಾಮೀಟರಮ್ಮನ ಹಾಗೆಯೇ ಬಾಗಿಲು ಹಾಕಿಕೊಂಡು, ಕೈಗವಸು ತೆಗೆದು, ತುಟಿ ಬಿಗಿದು ಕೂತೆ. ಸ್ವಲ್ಪ ಹೊತ್ತಿಗೆ ಬೆರಳ ತುದಿ ಬೆಚ್ಚಗಾಯಿತು. ಇನ್ನೂ ಸ್ವಲ್ಪ ಹೊತ್ತಿಗೆ ನಿಮ್ಮಪ್ಪ ಸ್ವೆಟರ್ ಬಿಚ್ಚಿದರು. ನಾಳೆಯಪ್ಪನಿಗೆ ಮತ್ತೆ ಫೋನು ಮಾಡಿದೆ. ಊರೆಲ್ಲ ಒಂದು ಸುತ್ತು ಹೊಡೆದು ಬಂದು ಫ್ಯೂಸು ಮುಟ್ಟಿ ನೋಡಿ, ಬಿಸಿಯಾಗಿರದಿದ್ದರೆ ಧೈರ್ಯವಾಗಿ ಹೋಗಿ ಎಂದ. ಸುತ್ತು ಹೊಡೆದೆವು, ಬಿಸಿಯಾಗಿರಲಿಲ್ಲ. ಹೊಸ ಫ್ಯೂಸುಗಳನ್ನೂ ತಂದು ಮುಚ್ಚಳದಲ್ಲಿ ಸಿಕ್ಕಿಸಿದ್ದೇನೆ. ಬಟ್ಟೆಯ ಗಂಟುಗಳು ಇನ್ನು ಹಿಂದಿನ ಸೀಟಿಗೇ, ನಿನ್ನಾಣೆ. ಅಲ್ಲ, ನಾಳೆಯಿಂದ ಹಿಂದಿನ ಸೀಟು ಗುಬ್ಬಿಯದು. ಗಂಟು ಡಿಕ್ಕಿಗೆ.

ನಾಳೆ ಬೆಳಿಗ್ಗೆ ಹೊರಡುತ್ತೇವೆ. ಆ ಹಳದಿ ಎಳೆಯ ವಿಷಯವನ್ನು ನಿನ್ನವಳಿಗೆ ಹೇಳಬೇಕೋ ಬೇಡವೋ ಎಂದು ಮಧ್ಯಾಹ್ನದಿಂದ ಯೋಚಿಸುತ್ತಿದ್ದೇನೆ. ನಗುತ್ತಾ ಬರುವವಳ ಮುಂದೆ ಹಳೆಯದನ್ನು ಯಾಕೆ ತೆಗೆಯಬೇಕು ಎಂದು ನಿಮ್ಮಪ್ಪ ಹೇಳುತ್ತಾರೆ. ನನಗೂ ಹಾಗೆಯೇ ಅನ್ನಿಸಿ, ಯಾರ ಕಣ್ಣಿಗೂ ಬೀಳದಿರಲಿ ಎಂದು ಗಾಡಿಯ ಆ ಖಾನೆಯಲ್ಲೇ ಕಾಗದಪತ್ರದ ಹಿಂದೆ ಇಟ್ಟಿದ್ದೇನೆ. ಮನೆಯೊಳಗೆ ಎಲ್ಲಿಟ್ಟರೂ ಅವಳ ಕೈಗೆ ಸಿಗುತ್ತದೆ, ಬಿಸಾಡಲು ನನಗೆ ಆಗುವುದಿಲ್ಲ. ನೀನು ಬಂದ ಮೇಲೆ ನೀನೇ ಹೇಳು ಏನು ಮಾಡಬೇಕೆಂದು.

ನಿಮ್ಮಪ್ಪ ನಿನ್ನನ್ನು ಕೇಳಿದೆ ಎಂದು ಬರೆಯಲು ಹೇಳಿದರು, ಟಾರ್ಚ್ ಹಿಡಿದದ್ದು ತಾವೆಂಬುದನ್ನು ದೊಡ್ಡದಾಗಿ ಬರೆಯಲೂ ಹೇಳಿದರು. ಬರೆದಿದ್ದೇನೆ. ಗಂಟಲಿಗೆ ಬಿಸಿನೀರು ಬಿಟ್ಟು ಬೇರೇನೂ ಬೇಡ. ಹೊತ್ತು ಹೊತ್ತಿಗೆ ಉಣ್ಣು, ತಂತಿ ಮುಟ್ಟುವ ಮೊದಲು ನೀನೇ ಹೇಳುತ್ತಿದ್ದ ಹಾಗೆ ದೀಪ ಹಿಡಿದು ನೋಡು. ನಿನ್ನ ಕೈಗೆ ಆಯುಷ್ಯವಿರಲಿ, ನಿನ್ನ ಹಡಗಿಗೆ ನೀರು ಶಾಂತವಾಗಿರಲಿ.

ನಿನ್ನ ಪ್ರೀತಿಯ,
ಅಮ್ಮ
(ಮೆಕ್ಯಾನಿಕ್ಕು)

ಮರೆತ ಮಾತು, ಶುಕ್ರವಾರ ಮಧ್ಯಾಹ್ನ, ಅವಸರದಲ್ಲಿ: ಬಂದೆವು. ಗುಬ್ಬಿ ಮನೆಯಲ್ಲಿದ್ದಾಳೆ. ಥರ್ಮಾಮೀಟರಮ್ಮ ಕೈಗವಸು ತೆಗೆದು ಕೂತವಳು ಬೆಚ್ಚಗಾಯಿತೆಂದು ಹೇಳುವುದನ್ನೇ ಮರೆತು ಕಣ್ಣು ಮುಚ್ಚಿಕೊಂಡಳು, ನಾನೇ ಎಬ್ಬಿಸಬೇಕಾಯಿತು. ನಿಜವಾಗಿ ಬರೆಯಬೇಕಾದ್ದು ಇದು. ಹಿಂದಿನ ಸೀಟಿನಲ್ಲಿ ಗುಬ್ಬಿಯನ್ನು ಮಲಗಿಸಿದ ಮೇಲೆ ನಿನ್ನವಳು ಆಸ್ಪತ್ರೆಯ ಕಾಗದ ಇಡಲೆಂದು ಮುಂದೆ ಬಂದು ಆ ಖಾನೆಯನ್ನೇ ತೆರೆದಳು. ತಡೆಯಲು ಕೈ ಚಾಚಿದೆ, ತಡವಾಗಿತ್ತು. ಸುರುಳಿಯನ್ನು ಕೈಗೆ ತೆಗೆದುಕೊಂಡಳು, ನೋಡಿದಳು, ಎಲ್ಲಿ ಸಿಕ್ಕಿತು ಎಂದು ಕೇಳಿದಳು. ಫ್ಯಾನಿನಲ್ಲಿ ಎಂದೆ. ಎಳೆಯನ್ನು ಬೆರಳಿಗೆ ಒಂದು ಸುತ್ತು ಸುತ್ತಿದಳು. ಆಮೇಲೆ ಒಂದು ಗೇಣುದ್ದ ಎಳೆಯನ್ನು ಹಲ್ಲಿನಿಂದ ಕಡಿದು, ನಡುವಿನ ಗಾಳಿ ಬರುವ ಜಾಲರಿಗೆ ಕಟ್ಟಿ, ಹಿಂದೆ ಮಗಳ ಪಕ್ಕ ಹೋಗಿ ಕೂತಳು. ‘ಫ್ಯಾನ್ ಹಾಕಿ ಅತ್ತೆ,’ ಎಂದಳು. ಹಾಕಿದೆ. ಎಳೆ ಎದ್ದು ಹಾರಿತು. ಮನೆಯವರೆಗೂ ಅವಳು ಒಂದು ಕಣ್ಣು ಗುಬ್ಬಿಯ ಮೇಲೆ, ಒಂದು ಕಣ್ಣು ಅದರ ಮೇಲೆ ಇಟ್ಟಿದ್ದಳು. ಅದು ಹಾರುತ್ತಲೇ ಇತ್ತು, ಮಗು ನಿದ್ದೆ ಮಾಡುತ್ತಲೇ ಇತ್ತು. ಬರುವಾಗ ಆ ಫಿಲ್ಟರ್ ಮರೆಯದೆ ತಾ, ನಾಳೆ ಅನ್ನಬೇಡ. ಗಾಡಿಯನ್ನು ನಿನ್ನಿಷ್ಟ ಬಂದಂತೆ ಗುಡಿಸು, ಒರೆಸು. ಆ ಎಳೆಗೆ ಮಾತ್ರ ಕೈ ಹಚ್ಚಬೇಡ.